ಎಲ್ಲಿಯೂ ಬಾರಿಸದ ಗಂಟೆ

೧೬ ಅಕ್ಟೋಬರ್ ೧೯೮೮, ರವಿವಾರ

ಹೊಸ ಎಕ್ಸ್‌ಚೇಂಜ್ ಸುರುವಾಗಿ ವಾರವಾಯಿತು. ನನ್ನನ್ನು ಈ ನಾಗರಗುಂದಿಗೆ ಹಾಕಿದಾಗ ಗದಗಿನ ಗೆಳೆಯರೆಲ್ಲ ನಕ್ಕಿದ್ದರು. ಶಿರಹಟ್ಟಿಗೂ ಮುಂಡರಗಿಗೂ ನಡುವೆ ಬಸ್ಸಿನ ಡ್ರೈವರ್ ಚಹಾಕ್ಕೆ ಇಳಿಯುತ್ತಾನೆ ಎಂಬುದನ್ನು ಬಿಟ್ಟರೆ ಈ ಊರಿಗೆ ಬೇರೆ ಹೆಸರಿಲ್ಲ. ಈಗ ನಗಲಿ ನೋಡೋಣ. ಕಪಾಟಿನಷ್ಟು ದೊಡ್ಡ ಪೆಟ್ಟಿಗೆಯೊಂದು ಸದ್ದಿಲ್ಲದೆ ಊರಿನ, ಸುತ್ತಲಿನ ಹಳ್ಳಿಗಳ ಫೋನುಗಳನ್ನೆಲ್ಲ ಸಂಭಾಳಿಸುತ್ತಿದೆ. ಅದನ್ನು ಸಂಭಾಳಿಸುವವನು ನಾನು.

ಹಳೆಯದರಲ್ಲಿ ಏನು ಬದಲಿಸಬೇಕಾದರೂ ವೈರು ಬಿಚ್ಚಿ ಬೆಸುಗೆ ಹಾಕಬೇಕಿತ್ತು. ಇದರೊಳಗಿರುವುದು ಪ್ರೋಗ್ರಾಂ. ಬೆಂಗಳೂರಿನ ಇಂಜಿನಿಯರುಗಳು ಬರೆದದ್ದು. ಯಾರಿಗೆ ಯಾವ ಸೌಲಭ್ಯ ಬೇಕೋ ಕೀಲಿಮಣೆಯ ಮೇಲೆ ನಾಲ್ಕು ಅಕ್ಷರ ಒತ್ತಿ ಹಾಕಬಹುದು, ಬೇಡವಾದರೆ ತೆಗೆಯಬಹುದು. ಒಬ್ಬನಿಗೆ ದೂರದೂರಿನ ಕರೆ ಬಂದ್, ಇನ್ನೊಬ್ಬನಿಗೆ ಬರುವ ಕರೆ ಮಾತ್ರ. ಯಾರದೂ ಕೈಕಾಲು ಹಿಡಿಯುವ ಕೆಲಸವಿಲ್ಲ.

ಇವತ್ತು ನಂಬರ್ ೧೨ಕ್ಕೆ ಕರೆ ತಿರುಗಿಸುವ ಸೌಲಭ್ಯ ಹಾಕಿದೆ. ೧೨ ಅಂದರೆ ಶ್ರೀಪಾದರಾವ್ ಡಾಕ್ಟರ ದವಾಖಾನೆ, ೩೧ ಅವರ ಮನೆ. ರಾತ್ರಿ ದವಾಖಾನೆಯಲ್ಲಿ ಒಬ್ಬ ಮುದುಕ ಆಳು ಮಲಗುತ್ತಾನೆ. ಇಷ್ಟು ದಿನ ಫೋನು ಬಂದರೆ ಅವನು ಎದ್ದು, ಸೈಕಲ್ ತುಳಿದುಕೊಂಡು ಹೋಗಿ ಡಾಕ್ಟರನ್ನು ಎಬ್ಬಿಸಬೇಕಿತ್ತು. ಇನ್ನು ಮೇಲೆ ಡಾಕ್ಟರು ಸಂಜೆ ಮನೆಗೆ ಹೊರಡುವಾಗ ದವಾಖಾನೆಯ ಫೋನಿನಲ್ಲಿ ಒಂದು ಸಂಖ್ಯೆ ಒತ್ತಿದರೆ ಸಾಕು, ಅಲ್ಲಿಗೆ ಬರುವ ಕರೆಗಳೆಲ್ಲ ನೇರ ಅವರ ಮನೆಯಲ್ಲಿ ಬಾರಿಸುತ್ತವೆ. ಮುಂಜಾನೆ ದವಾಖಾನೆಗೆ ಬಂದಮೇಲೆ ಅದನ್ನು ತೆಗೆದುಬಿಡಬಹುದು.

“ದತ್ತೂ, ಇದು ಭಾಳ ಛಲೋ ಮಾಡಿದಿ ನೋಡು,” ಎಂದರು ಡಾಕ್ಟರು. ಹೊಗಳಿಕೆ ಕೇಳಿ ಹಿಗ್ಗಿದೆ. ಸುಳ್ಳೇಕೆ ಬರೆಯಲಿ?

೨೪ ಅಕ್ಟೋಬರ್, ಸೋಮವಾರ

ಡಾಕ್ಟರ ತಾಯಿ ಭಾಗೀರಥಿಬಾಯಿ ಕರೆಕಳಿಸಿದ್ದರು. ನಾನು ಗದಗಿನಲ್ಲಿ ಹೈಸ್ಕೂಲು ಓದುವಾಗ ದಿನಕ್ಕೊಂದು ಮನೆಯಂತೆ ಉಣ್ಣುತ್ತಿದ್ದೆ. ಗುರುವಾರದ ವಾರಾನ್ನ ಆಗ ಗದಗಿನಲ್ಲೇ ಇದ್ದ ಇವರ ಮನೆಯಲ್ಲಿ. ಬೇರೆ ಮನೆಗಳಲ್ಲಿ ಬಡಿಸುವವರ ಕೈ ನೋಡಿ ಊಟ ಮಾಡಬೇಕಿತ್ತು. ಇವರು ಮಾತ್ರ, “ನಾಚಿಕೋಬ್ಯಾಡ, ಇನ್ನೊಂದು ಭಕ್ರಿ ಹಾಕ್ಕೋ,” ಅನ್ನುತ್ತಿದ್ದರು. ಅವರಿಗೆ ನಾನು ಇಲ್ಲ ಅನ್ನುವುದುಂಟೆ?

“ನಾಳಿಂದ ಒಂದು ತಿಂಗಳು ಕಾಕಡಾರತಿ. ನಸುಕಿನ್ಯಾಗ ಮಡೀಲೆ ದೇವರ ಮುಂದ ಕೂತಿರ್ತೀನಿ. ಈ ಫೋನು ಒಂದ ಸವನ ಒದರ್ತದ. ನಾ ಅದನ್ನ ಮುಟ್ಟೂ ಹಂಗಿಲ್ಲ. ಚಿತ್ತ ಎಲ್ಲಾ ಅದರ ಮ್ಯಾಲೆ. ಅದರ ಬಾಯಿ ಮುಚ್ಚಸ್ಲಿಕ್ಕೆ ನಿನಗ ಬರ್ತದೇನು?”

“ಬರ್ತದ, ಕಾಕೂ.”

“ಶ್ರೀಪಾದಗ ಹೇಳಬ್ಯಾಡ. ಅಂವ ಏಳೂದು ಆರಕ್ಕ. ಸುಮ್ಮನ ವಾದಾ ಹಾಕ್ತಾನ.”

ಮೌನದ ಸೌಲಭ್ಯವೂ ಪೆಟ್ಟಿಗೆಯಲ್ಲಿದೆ. ಹೊತ್ತು ನಿಗದಿ ಮಾಡಿದರೆ ಅಷ್ಟು ಹೊತ್ತು ಆ ಫೋನು ಬಾರಿಸುವುದಿಲ್ಲ. ಕಾಕಡಾರತಿ ಮುಗಿಯುವ ತನಕ, ದಿನಾ ನಸುಕಿನಿಂದ ಆರರವರೆಗೆ ಎಂದು ಹಾಕಿದೆ. ಅದೇ ಹೊತ್ತಿಗೆ ದವಾಖಾನೆಯಿಂದ ತಿರುಗಿಸಿದ ಕರೆ ಬಂದರೆ ಹೇಗೆ ಎಂದು ಅನುಮಾನ ಬಂತು. ಇಲಾಖೆಯ ಪುಸ್ತಕ ತೆಗೆದು ನೋಡಿದೆ. ತಿರುಗಿಸಿದ ಕಡೆ ಫೋನು ಸಿಗದಿದ್ದರೆ ಕರೆ ಮೊದಲಿನ ಫೋನಿಗೇ ವಾಪಸ್ ಬಂದು ಬಾರಿಸುತ್ತದೆ ಎಂದು ಸ್ಪಷ್ಟವಾಗಿ ಅಚ್ಚಾಗಿದೆ. ಅಲ್ಲಿ ಆ ಮುದುಕ ಇದ್ದೇ ಇರುತ್ತಾನೆ. ಎತ್ತುತ್ತಾನೆ. ಮುಗಿಯಿತಲ್ಲ.

ಕಾಕೂ ಒಂದು ವಾಟಗ ತುಂಬ ಶಂಕರಪಾಳಿ ಕಟ್ಟಿಕೊಟ್ಟರು.

೩ ನವೆಂಬರ್, ಗುರುವಾರ

ಕೊರ್ಲಹಳ್ಳಿಯ ಒಬ್ಬ ಬಾಣಂತಿ ತೀರಿಕೊಂಡಳಂತೆ. ಹೆರಿಗೆಯಾದ ಮೇಲೆ ರಕ್ತ ನಿಲ್ಲಲಿಲ್ಲ. ನಸುಕಿನಲ್ಲಿ ಅಂಚೆ ಮನೆಯ ಫೋನಿನಿಂದ ದವಾಖಾನೆಗೆ ಕರೆ ಮಾಡಿದ್ದಾರೆ, ಯಾರೂ ಎತ್ತಿಲ್ಲ. ಕಾದು ಕಾದು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬರುವಾಗ ದಾರಿಯಲ್ಲೇ ಮುಗಿದುಹೋಯಿತು. ಕೂಸು ಉಳಿದಿದೆ.

ದವಾಖಾನೆಯ ಮುಂದೆ ಜನ ಸೇರಿ ಆ ಆಳಿಗೆ ಹೊಡೆದರಂತೆ.

೪ ನವೆಂಬರ್, ಶುಕ್ರವಾರ

ಡಾಕ್ಟರು ಕರೆಸಿದರು. ದವಾಖಾನೆಯ ಕಟ್ಟೆಯ ಮೇಲೆ ಊರಿನ ನಾಲ್ಕು ಜನ ಹಿರಿಯರು ಕುಳಿತಿದ್ದರು. ಕೊರ್ಲಹಳ್ಳಿಯವರೂ ಬಂದಿದ್ದರು. ಸತ್ತವಳ ಹೆಸರು ಅಮೃತವ್ವ. ತಾಯಿ ಸಾವಕ್ಕ ನೆಲದ ಮೇಲೆ ಕುಳಿತಿದ್ದಳು. ಅಳುತ್ತಿರಲಿಲ್ಲ.

“ನಾನs ಕಿವಿಗೆ ಹಚಗೊಂಡು ನಿಂತಿದ್ದೆ,” ಎಂದಳು. “ಗಂಟಿ ಹೊಡೀತಿತ್ತು. ಈಗ ಎತ್ತತಾರ, ಈಗ ಎತ್ತತಾರ ಅಂತ ನಿಂತೆ. ಎತ್ತಲಿಲ್ಲ.”

ಮುದುಕ ಕಂಬಕ್ಕೆ ಒರಗಿ ನಿಂತಿದ್ದ. ತುಟಿ ಒಡೆದು ಬಾತುಕೊಂಡಿತ್ತು. “ಅಲ್ಲಾನ ಆಣಿ ಮಾಡತೀನ್ರಿ, ಗಂಟಿ ಬಾರಿಸಿಲ್ಲ. ನಸುಕಿನ್ಯಾಗ ನಮಾಜಿಗೆ ಎದ್ದಾವ ನಾ ಮತ್ತ ಮಲಗಿಲ್ರಿ. ಬಾರಿಸಿದ್ರ ಕೇಳತಿದ್ದಿಲ್ಲೇನ್ರಿ?”

ಕರೆ ಬಂದ ಹಿಂದಿನ ಸಂಜೆ ತಾವು ತಿರುಗಿಸಿದ್ದರೋ ಇಲ್ಲವೋ ಡಾಕ್ಟರಿಗೆ ನೆನಪಿಲ್ಲ. ಮುಂಜಾನೆ ಗದ್ದಲದಲ್ಲಿ ಯಾರು ಏನು ಒತ್ತಿದರೋ ಅದೂ ಗೊತ್ತಿಲ್ಲ. ಪೆಟ್ಟಿಗೆ ಹಿಂದಿನದನ್ನು ನೆನಪಿಟ್ಟುಕೊಳ್ಳುವುದಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಅವರ ಮುಂದೆಯೇ ಪರೀಕ್ಷೆ ಮಾಡಿದೆ. ತಿರುಗಿಸದೆ ಕರೆ ಮಾಡಿಸಿದೆ, ಇಲ್ಲಿ ಬಾರಿಸಿತು. ತಿರುಗಿಸಿ ಮಾಡಿಸಿದೆ, ಡಾಕ್ಟರ ಮನೆಯಲ್ಲಿ ಬಾರಿಸಿತು. ಮನೆಯ ಫೋನನ್ನು ಎತ್ತಿಡಿಸಿ ಮಾಡಿಸಿದೆ, ಪುಸ್ತಕದಲ್ಲಿ ಬರೆದಂತೆ ವಾಪಸ್ ಇಲ್ಲಿಯೇ ಬಾರಿಸಿತು.

“ಯಂತ್ರದಲ್ಲಿ ದೋಷ ಇಲ್ಲ,” ಎಂದೆ. “ಮನ್ಯಾಗ ಬಾರಿಸಿಲ್ಲ ಅಂದಮ್ಯಾಲೆ ಇಲ್ಲಿ ಬಾರಿಸಿರಲೇಬೇಕು.”

ಕಾಕೂಗಾಗಿ ಹಾಕಿದ ಮೌನದ ವಿಷಯ ಹೇಳಲಿಲ್ಲ. ಹೇಳಿದ್ದರೂ ಲೆಕ್ಕ ಬದಲಾಗುತ್ತಿರಲಿಲ್ಲ. ಹೇಗೆ ನೋಡಿದರೂ ಗಂಟೆ ಬಾರಿಸಬೇಕಾದದ್ದು ಆ ಮುದುಕನ ತಲೆಯ ಹತ್ತಿರವೇ. ಯಂತ್ರಕ್ಕೆ ನಿದ್ದೆ ಬರುವುದಿಲ್ಲ, ಮನುಷ್ಯನಿಗೆ ಬರುತ್ತದೆ. ಬಂದಿತ್ತು ಎಂದು ಒಪ್ಪಿಕೊಂಡಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಡಾಕ್ಟರು ಅವನನ್ನು ಕೆಲಸದಿಂದ ತೆಗೆದರು.

೭ ನವೆಂಬರ್, ಸೋಮವಾರ

ಮುದುಕ ಎಕ್ಸ್‌ಚೇಂಜಿಗೆ ಬಂದಿದ್ದ. ಒಳಗೆ ಕರೆಯಲಿಲ್ಲ. ಹೊಸ್ತಿಲ ಆಚೆ ನಿಂತು, “ಸಾಹೇಬ್ರ, ಇನ್ನೊಮ್ಮೆ ನೋಡ್ರಿ,” ಎಂದ.

“ನೋಡೀನಲ್ಲ. ಎಲ್ಲಾರ ಮುಂದ ನೋಡೀನಿ.”

“ಖರೇನ್ರಿ. ಆದ್ರೂ ಇನ್ನೊಮ್ಮೆ.”

ಹೋಗಲೇ ಇಲ್ಲ. ಬಾಗಿಲು ಹಾಕಿಕೊಂಡೆ. ಎಷ್ಟೋ ಹೊತ್ತಿನ ಮೇಲೆ ಕಿಟಕಿಯಿಂದ ನೋಡಿದರೆ ಅಲ್ಲೇ ಬೇವಿನ ಗಿಡದ ಕೆಳಗೆ ಕುಳಿತಿದ್ದ.

೯ ನವೆಂಬರ್, ಅಮಾವಾಸ್ಯೆ

ದೀಪಾವಳಿ. ಕಾಕೂನ ಮನೆಯಲ್ಲಿ ಊಟ. ಯಾಕೋ ಅರ್ಧ ಹೋಳಿಗೆಗೇ ಎದ್ದುಬಿಟ್ಟೆ. ಜ್ವರ ಬರುವಂತಿದೆ.

೧೪ ನವೆಂಬರ್, ಸೋಮವಾರ

ಜ್ವರವೇನೂ ಬರಲಿಲ್ಲ. ಊಟ ಮಾತ್ರ ಸೇರುತ್ತಿಲ್ಲ.

ಮುದುಕನ ಮನೆಯವರನ್ನು ಬಾವಿಯ ಹತ್ತಿರ ಯಾರೂ ಮಾತಾಡಿಸುತ್ತಿಲ್ಲವಂತೆ. ಹೋಟೆಲಿನ ಮರ್ದಾನಸಾಬ ಹೇಳಿದ. “ಮಕ್ತುಮ ಮನಿ ಬಿಟ್ಟು ಹೊರಗ ಬರಂಗಿಲ್ರಿ. ಮಸೂತಿಗೂ ಬರಾಕ ವಲ್ಲ ಅಂತಾನ.” ನಾನೇನು ಮಾಡಲಿ? ನನ್ನನ್ನು ಕೇಳಿದರು, ಇದ್ದದ್ದನ್ನು ಹೇಳಿದೆ.

೨೧ ನವೆಂಬರ್, ಸೋಮವಾರ, ದ್ವಾದಶಿ

ಆದದ್ದನ್ನು ಆದ ಹಾಗೆಯೇ ಬರೆದಿಡುತ್ತೇನೆ.

ನಿನ್ನೆ ಏಕಾದಶಿ. ಇವತ್ತು ಬೆಳಗಾಗುತ್ತಲೇ ಪಾರಣೆಗೆ ಬಾ, ಕಾಕಡಾರತಿಯನ್ನೂ ನೋಡಿದಂತಾಗುತ್ತದೆ ಎಂದು ಕಾಕೂ ಕರೆದಿದ್ದರು. ನಸುಕಿನಲ್ಲೇ ಹೋದೆ. ಡಾಕ್ಟರೂ ಇವತ್ತು ಎದ್ದು ಸ್ನಾನ ಮಾಡಿದ್ದರು. ಕಾಕೂ ಆರತಿ ಹಾಡುತ್ತಿದ್ದರು. ನಾನು ಪಡಸಾಲೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದೆ. ಎದುರಿಗೆ ಸ್ಟೂಲಿನ ಮೇಲೆ ಫೋನು, ಅದರ ಮೇಲೆ ಕಾಕೂ ಹೆಣೆದ ಮುಸುಕು.

ಬಾಗಿಲು ದಡದಡ ಬಡಿದ ಸದ್ದು. ಕಾಳಿನ ಅಂಗಡಿಯ ಕಳಕಪ್ಪ. ಕಾಲಲ್ಲಿ ಚಪ್ಪಲಿ ಇಲ್ಲ, ಸೈಕಲನ್ನು ಅಂಗಳದಲ್ಲಿ ಕೆಡವಿ ಬಂದಿದ್ದ.

“ಡಾಕ್ಟರ್ರ, ನಮ್ಮಪ್ಪಗ ಎದಿ ಹಿಡಕೊಂಡೈತ್ರಿ! ಎಷ್ಟೊತ್ತಾತು ದವಾಖಾನಿಗೆ ಫೋನ್ ಹಚ್ಚಾಕತ್ತೀನಿ. ಗಂಟಿ ಹೊಡೀತೈತಿ, ಯಾರೂ ಎತ್ತವಲ್ರು. ಹೊಸಾ ಆಳೂ ಮಲಗೂದ ಕಲತಾನೇನು?”

“ನಾ ನಿನ್ನೆ ಸಂಜಿಗೆ ಇಲ್ಲಿಗೆ ತಿರುಗಿಸೀನಲ್ಲೋ,” ಎಂದರು ಡಾಕ್ಟರು. ನಿನ್ನೆ ತಿರುಗಿಸಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಇಬ್ಬರೂ ಫೋನಿನ ಕಡೆ ನೋಡಿದೆವು. ಅದು ನನ್ನ ಕಣ್ಣ ಮುಂದೆಯೇ ಇತ್ತು. ಒಮ್ಮೆಯೂ ಬಾರಿಸಿರಲಿಲ್ಲ.

ಡಾಕ್ಟರು ಚೀಲ ತೆಗೆದುಕೊಂಡು ಕಳಕಪ್ಪನ ಜೊತೆ ಓಡಿದರು. ನಾನು ದವಾಖಾನೆಗೆ ಓಡಿದೆ. ಹೊಸ ಆಳು ಬಾಗಿಲಲ್ಲಿ ಕುಳಿತು ಬೇವಿನ ಕಡ್ಡಿಯಿಂದ ಹಲ್ಲುಜ್ಜುತ್ತಿದ್ದ. ಫೋನ್ ಬಂದಿಲ್ರಿ ಎಂದ.

ಎದುರಿಗೇ ಮರ್ದಾನಸಾಬನ ಹೋಟೆಲು. ಅಲ್ಲಿಂದ ದವಾಖಾನೆಯ ಮೇಜು, ಅದರ ಮೇಲಿನ ಫೋನು ಕಾಣುತ್ತದೆ. ಅವನ ಫೋನಿನಿಂದ ದವಾಖಾನೆಗೆ ಕರೆ ಮಾಡಿದೆ. ಕಿವಿಯಲ್ಲಿ ರಿಂಗ್ ಕೇಳಿಸಿತು. ಗಟ್ಟಿಯಾಗಿ, ಸರಿಯಾಗಿ, ಯಾರೋ ಈಗ ಎತ್ತಿಯೇ ಬಿಡುತ್ತಾರೆ ಎಂಬಂತೆ. ರಸ್ತೆಯ ಆಚೆ ಫೋನು ಸುಮ್ಮನೆ ಕುಳಿತಿತ್ತು. ಹೊಸ ಆಳು ಹಲ್ಲುಜ್ಜುತ್ತಲೇ ಇದ್ದ. ಡಾಕ್ಟರ ಮನೆಯಲ್ಲಿ ಮೌನವಿರುವ ಹೊತ್ತು ಅದು.

ಸಾವಕ್ಕ ಹೇಳಿದ್ದು ಖರೆ. ಮಕ್ತುಮಸಾಬ ಹೇಳಿದ್ದೂ ಖರೆ. ಸುಳ್ಳು ಹೇಳಿದವನು ನಾನೊಬ್ಬನೇ.

ಕಳಕಪ್ಪನ ತಂದೆ ಉಳಿದುಕೊಂಡರು. ಪಾರಣೆಗೆ ನಾನು ಹಿಂತಿರುಗಿ ಹೋಗಲಿಲ್ಲ.

೨೨ ನವೆಂಬರ್, ಮಂಗಳವಾರ

ನಸುಕಿನಲ್ಲಿ ಮತ್ತೆ ಪರೀಕ್ಷೆ ಮಾಡಿದೆ. ಮೌನ ತೆಗೆದರೆ ಎಲ್ಲ ಸರಿ. ತಿರುಗಿಸುವುದನ್ನು ತೆಗೆದರೆ ಎಲ್ಲ ಸರಿ. ಎರಡೂ ಕೂಡಿದರೆ ಮಾತ್ರ ಕರೆ ಮನೆಯಲ್ಲೂ ಬಾರಿಸುವುದಿಲ್ಲ, ದವಾಖಾನೆಗೂ ವಾಪಸ್ ಹೋಗುವುದಿಲ್ಲ. ಕರೆ ಮಾಡಿದವರಿಗೆ ಮಾತ್ರ ರಿಂಗ್ ಕೇಳಿಸುತ್ತಲೇ ಇರುತ್ತದೆ. ಒಂದೇ ಕಚೇರಿಯ ಇಬ್ಬರು ಗುಮಾಸ್ತರಿದ್ದಂತೆ. ಒಬ್ಬ ಕಾಗದವನ್ನು ಮುಂದಿನ ಮೇಜಿಗೆ ಕಳಿಸಿದೆ, ನನ್ನದು ಮುಗಿಯಿತು ಎನ್ನುತ್ತಾನೆ. ಇನ್ನೊಬ್ಬ ಈ ಹೊತ್ತಿನಲ್ಲಿ ಏನೂ ತೆಗೆದುಕೊಳ್ಳಬೇಡ ಎಂದು ನನಗೆ ಹೇಳಿದ್ದಾರೆ ಎನ್ನುತ್ತಾನೆ. ಇಬ್ಬರೂ ತಮ್ಮ ಕೆಲಸ ಸರಿಯಾಗಿ ಮಾಡಿದ್ದಾರೆ. ಅಂದು ಕಟ್ಟೆಯ ಮೇಲೆ ನಾನು ಮನೆಯ ಫೋನನ್ನು ಎತ್ತಿಡಿಸಿ ನೋಡಿದೆ, ಮೌನ ಹಾಕಿ ನೋಡಲಿಲ್ಲ. ಎರಡೂ ಒಂದೇ ಎಂದುಕೊಂಡಿದ್ದೆ.

ಗದಗಿಗೆ ಹೋಗಿ ಮೇಲಿನ ಸಾಹೇಬರಾದ ಪಾಂಡುರಂಗರಾಯರಿಗೆ ಹೇಳಿದೆ. ಅವರು ಬೆಂಗಳೂರಿಗೆ ಫೋನು ಮಾಡಿ ಬಹಳ ಹೊತ್ತು ಮಾತಾಡಿದರು.

“ಇಂಥಾ ಸೌಲಭ್ಯ ಎಷ್ಟು ಅದಾವ ಆ ಪೆಟ್ಟಿಗ್ಯಾಗ? ಒಂದೊಂದೂ ಪರೀಕ್ಷಾ ಮಾಡ್ಯಾರ. ಯಾವದು ಯಾವದರ ಜೋಡಿ ಕೂಡಿದರ ಏನಾಗ್ತದ ಅಂತ ಎಲ್ಲಾ ಜೋಡಿ ನೋಡ್ಲಿಕ್ಕೆ ಹೋದ್ರ ಅವರ ಜನ್ಮ ಸಾಲೂದಿಲ್ಲ. ಈ ಎರಡು ಕೂಡಿ ಹಾಕಿದಾವ ನೀನs ಮೊದಲನೇದಾವ ಅಂತ. ಅವರು ಸರಿ ಮಾಡ್ತಾರ.”

“ಅಲ್ಲಿ ತನಕಾ, ಸರ್?”

“ಒಂದನ್ನ ತಗದುಬಿಡು. ಸುಮ್ಮನಿರು. ಹೋದಾಕಿ ತಿರುಗಿ ಬರೂದಿಲ್ಲ. ನಿನ್ನ ನೌಕರಿ ಇನ್ನೂ ಕಾಯಂ ಆಗಿಲ್ಲ, ಅದು ನೆನಪಿರಲಿ.”

ಕೆಟ್ಟವರಲ್ಲ ಪಾಂಡುರಂಗರಾಯರು. ನನಗೆ ಒಳ್ಳೆಯದಾಗಲಿ ಎಂದೇ ಹೇಳಿದರು. ಬಸ್ಸಿನಲ್ಲಿ ಬರುವಾಗ ಅವರ ಮಾತು ಸರಿಯೆಂದು ಎಷ್ಟೋ ಸಲ ಅನಿಸಿತು. ಅನಿಸಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

೨೩ ನವೆಂಬರ್, ಹುಣ್ಣಿಮೆ

ಕಾಕಡಾರತಿಯ ಕೊನೆಯ ದಿನ. ಮೌನವನ್ನು ನಿನ್ನೆಯೇ ತೆಗೆದಿದ್ದೆ. ಎಲ್ಲ ಮುಗಿದ ಮೇಲೆ ಡಾಕ್ಟರನ್ನೂ ಕಾಕೂನನ್ನೂ ಕೂಡಿಸಿ ಹೇಳಿದೆ.

ಡಾಕ್ಟರು ಎದ್ದು ಹೋಗಿ ಫೋನಿನ ಮೇಲಿನ ಮುಸುಕು ತೆಗೆದಿಟ್ಟರು. ಆಮೇಲೆ, “ಮಕ್ತುಮನ್ನ ತಿರುಗಿ ಕೆಲಸಕ್ಕ ಕರಕೋತೀನಿ. ಯಂತ್ರ ಕೆಟ್ಟಿತ್ತು ಅಂತ ಹೇಳೂಣು. ಅವ್ವನ ಹೆಸರು ಮಾತ್ರ ಬ್ಯಾಡ, ದತ್ತೂ. ನಿನಗ ಕೈ ಮುಗೀತೀನಿ,” ಎಂದರು.

ಕಾಕೂ ದೇವರ ಮನೆಯ ಬಾಗಿಲಿಗೆ ಒರಗಿ ಕುಳಿತಿದ್ದರು. “ನಾ ಆರತಿ ಹಾಡೂಮುಂದ ಆ ಹುಡುಗಿ ಜೀವ ಹೋಗ್ಲಿಕ್ಕತ್ತಿತ್ತು,” ಎಂದರು. “ನನಗ ಕೇಳಿಸಬಾರದಂತ ನಾನs ಹೇಳಿದ್ದೆನಲ್ಲ.” ಅಷ್ಟೇ. ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವರ ಹೆಸರು ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಅವರು ಕೇಳಿದರು ಅಷ್ಟೇ, ಹಾಕಿದ ಕೈ ನನ್ನದು.

೨೪ ನವೆಂಬರ್, ಗುರುವಾರ

ಡಾಕ್ಟರೂ ನಾನೂ ಮಕ್ತುಮಸಾಬನ ಮನೆಗೆ ಹೋದೆವು. ಹೆಂಡತಿ ಬಾಗಿಲು ತೆಗೆದಳು. ನನ್ನನ್ನು ನೋಡಿ ಸೆರಗು ಮುಖದ ಮೇಲೆ ಎಳೆದುಕೊಂಡು ಒಳಗೆ ಹೋದಳು. ಅವನು ಹೊರಸಿನ ಮೇಲಿಂದ ಎದ್ದು ನಿಂತ. ಹದಿನೈದು ಇಪ್ಪತ್ತು ದಿನಗಳಲ್ಲಿ ಮನುಷ್ಯ ಇಷ್ಟು ಇಳಿದುಹೋಗುತ್ತಾನೆಂದು ನನಗೆ ಗೊತ್ತಿರಲಿಲ್ಲ.

ಹೇಳಿದೆ. ಎರಡು ಸೌಲಭ್ಯ, ಎರಡೂ ಕೂಡಿದ್ದು, ಗಂಟೆ ಬಾರಿಸದೆ ಹೋದದ್ದು. ಅರ್ಥವಾಯಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಹೊರಟೆ. ಅವನು ಕೈಯೆತ್ತಿ ತಡೆದ.

“ಅಂದ್ರ ನಾ ಮಲಗಿದ್ದಿಲ್ಲ?”

“ಇಲ್ಲ, ಮಕ್ತುಮಸಾಬ್. ನೀವು ಎದ್ದs ಇದ್ರಿ.”

ಅವನು ಗೋಡೆ ಹಿಡಿದು ನಿಧಾನಕ್ಕೆ ಕುಳಿತ. “ಎಲ್ಲಾರೂ ಮಲಗಿದ್ದಿ, ಮಲಗಿದ್ದಿ ಅಂದ್ರು. ನೀವು ಕಲತಾವ್ರು ಅಂದ್ರಿ. ನಮಾಜ್ ಮಾಡಿದ್ದು ನೆನಪೈತಿ, ಆಮ್ಯಾಲೆ ಚಾ ಕಾಸಿದ್ದು ನೆನಪೈತಿ. ನಡುವ ಎಲ್ಯಾರ ನನ್ನ ಕಣ್ಣು ಹತ್ತಿದ್ದವೇನೋ ಅಂತ ನನಗs ಅನಸಾಕ ಹತ್ತಿತ್ರಿ. ನಾನs ಕೊಂದೆ ಅಂತ ನಂಬಿಬಿಟ್ಟಿದ್ದೆ.”

ಕೆಲಸಕ್ಕೆ ಬಾ ಎಂದರು ಡಾಕ್ಟರು.

“ಕೆಲಸಾ ಇರಲ್ರಿ. ಕೊರ್ಲಹಳ್ಳಿಗೆ ಹೋಗ್ರಿ. ಆ ಅವ್ವಗ ಹೇಳ್ರಿ. ನಾ ಹೇಳಿದ್ರ ನಂಬೂದಿಲ್ಲ ಆಕಿ.”

ಮಾತಾಡುವಾಗ ಅವನ ಕಣ್ಣು ಡಾಕ್ಟರ ಮೇಲಿರಲಿಲ್ಲ, ನನ್ನ ಮೇಲಿತ್ತು.

೨೭ ನವೆಂಬರ್, ರವಿವಾರ

ಬಸ್ಸು ಹತ್ತಿ ಕೊರ್ಲಹಳ್ಳಿಗೆ ಹೋದೆ. ಒಬ್ಬನೇ. ಡಾಕ್ಟರು ಬರುತ್ತೇನೆಂದರು, ನಾನು ಬೇಡವೆಂದೆ.

ಸಾವಕ್ಕನ ಮನೆ ಹೊಳೆಯ ಕಡೆಯ ಓಣಿಯಲ್ಲಿದೆ. ಅವಳು ಕಟ್ಟೆಯ ಮೇಲೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದಳು. ಹೆಣ್ಣು ಕೂಸು. ನನ್ನನ್ನು ಅವಳು ಗುರುತಿಸಲಿಲ್ಲ. ಫೋನಿನ ಆಫೀಸಿನವನು ಎಂದೆ. ಕುಂಡ್ರಪ್ಪಾ ಎಂದಳು. ಕುಳಿತುಕೊಳ್ಳುವುದು ನನ್ನಿಂದಾಗಲಿಲ್ಲ.

ನಿಂತೇ ಹೇಳಿದೆ. ಅಂದು ಕಟ್ಟೆಯ ಮೇಲೆ ನಾನು ಹೇಳಿದ್ದು ತಪ್ಪು. ಮಕ್ತುಮಸಾಬ ಎಚ್ಚರಿದ್ದ. ಗಂಟೆ ಅವನಿಗೆ ಕೇಳಿಸಲೇ ಇಲ್ಲ. ನಾನು ಯಂತ್ರದಲ್ಲಿ ಹಾಕಿದ ಒಂದು ಏರ್ಪಾಟು ಇನ್ನೊಂದಕ್ಕೆ ಅಡ್ಡ ಬಂದು ಕರೆ ಎಲ್ಲಿಗೂ ಮುಟ್ಟಲಿಲ್ಲ.

ಅವಳ ಕೈ ಕೂಸಿನ ಎದೆಯ ಮೇಲೆ ನಿಂತಿತು.

“ಗಂಟಿ ಹೊಡೀತಿತ್ತಲ್ಲೋ. ನಾ ಈ ಕಿವೀಲೆ ಕೇಳೀನಿ.”

“ಹೌದ್ರಿ ಅವ್ವಾ. ಖರೆ.”

“ಹಂಗಾರ ಅದು ಎಲ್ಲಿ ಹೊಡೀತಿತ್ತು?”

“ಎಲ್ಲೂ ಇಲ್ರಿ. ನಿಮ್ಮ ಕಿವ್ಯಾಗ ಅಷ್ಟ. ಫೋನ್ ಮಾಡಿದಾವ್ರಿಗೆ ಕೇಳ್ಲಿ ಅಂತ ಯಂತ್ರ ಮಾಡೂ ಸಪ್ಪಳ ಅದು.”

ಕೂಸು ಕೈಕಾಲು ಆಡಿಸಿತು, ಅವಳು ಮತ್ತೆ ಎಣ್ಣೆ ತಿಕ್ಕತೊಡಗಿದಳು. ಒಳಗಿನಿಂದ ಅಳಿಯ ಬಂದು ಬಾಗಿಲಲ್ಲಿ ನಿಂತ. ಮುದುಕನ ತುಟಿ ಒಡೆದವನು ಇವನೇ ಇರಬೇಕು. ಅವನೂ ಎಲ್ಲ ಕೇಳಿಸಿಕೊಂಡಿದ್ದ. ನನ್ನ ಮೈಮೇಲೆ ಬರುತ್ತಾನೆಂದು ನಿಂತೇ ಇದ್ದೆ. ಬರಲಿಲ್ಲ. ತಲೆಬಾಗಿಲ ಚೌಕಟ್ಟಿಗೆ ಹಣೆ ಹಚ್ಚಿ ನಿಂತುಬಿಟ್ಟ.

“ದಿನಾ ಮುಂಜಾನಿ ಒಲಿ ಹಚ್ಚೂಮುಂದ ಆ ಮಕ್ತುಮನ ಹೆಸರ ತಗೊಂಡು ಶಾಪಾ ಹಾಕತಿದ್ದೆ,” ಎಂದಳು ಸಾವಕ್ಕ. “ಅವನ ಮನಿ ಹಾಳಾಗ್ಲಿ ಅಂತ. ಪಾಪ, ಅಂವಂದೇನೂ ಇದ್ದಿಲ್ಲ ಅಂತೀ ನೀ.”

“ಏನೂ ಇದ್ದಿಲ್ರಿ.”

ಕೂಸಿಗೆ ಬಟ್ಟೆ ಸುತ್ತಿ ಹೆಗಲಿಗೆ ಹಾಕಿಕೊಂಡು ಎದ್ದಳು. ನನ್ನ ಹತ್ತಿರ ಬಂದು ಮುಖ ನೋಡಿದಳು. ಸಿಟ್ಟಿನಿಂದಲ್ಲ. ಮರೆಯಬಾರದು ಎಂಬಂತೆ ನೋಡಿದಳು.

“ನಿನ್ನ ಹೆಸರ ಏನಪ್ಪಾ?”

ಹೇಳಿದೆ. ಅಪ್ಪನ ಹೆಸರನ್ನೂ ಕೇಳಿದಳು, ಅದನ್ನೂ ಹೇಳಿದೆ. ಅವಳು ತಪ್ಪಬಾರದೆಂದು ಎರಡನ್ನೂ ಮೆಲ್ಲಗೆ ಒಮ್ಮೆ ತನ್ನಷ್ಟಕ್ಕೆ ಹೇಳಿಕೊಂಡು, ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.